ಲಕ್ವ ಬಡಿದ ಕಾಲು: ಸೂಜಿ ಜೊತೆಗಿರಲಿ, ನಡಿಗೆ ನಿಲ್ಲದಿರಲಿ

ನಮ್ಮ ಉಪ್ಪನಿಗೆ ಸ್ಟ್ರೋಕ್ ಆದದ್ದು ಒಂದು ಶುಕ್ರವಾರ, ಸುಬ್ಹಿ ನಮಾಝಿನ ಹೊತ್ತಿಗೆ. ವುಝೂ ಮಾಡಲು ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಉಮ್ಮ ಹೋಗಿ ನೋಡಿದರೆ ಬಾತ್‌ರೂಮಿನ ಗೋಡೆಗೆ ಒರಗಿ ನಿಂತಿದ್ದಾರೆ. "ಎಡಗಾಲು ಹೇಳಿದ್ದು ಕೇಳುವುದಿಲ್ಲ" ಎಂದರು. ಬಾಯಿ ಒಂದು ಬದಿಗೆ ವಾಲಿತ್ತು.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಮಾತು ಮರಳಿತು. ಎಡಗೈ ಸ್ವಲ್ಪ ಆಡುತ್ತಿತ್ತು. ಆದರೆ ಕಾಲು ಮಾತ್ರ ಮರದ ಕೊರಡಿನ ಹಾಗೆ ಬಿದ್ದಿತ್ತು. ನಲವತ್ತು ವರ್ಷ ಅಡಿಕೆ ವ್ಯಾಪಾರಕ್ಕೆಂದು ಊರೂರು ಸುತ್ತಿದ ಮನುಷ್ಯ ಮಂಚದಿಂದ ಕುರ್ಚಿಗೆ ಬರಬೇಕಾದರೂ ಇಬ್ಬರು ಹಿಡಿಯಬೇಕಾಯಿತು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಒಂದೊಂದು ದುಆ ಮಾಡಿದರು, ಜೊತೆಗೆ ಒಂದೊಂದು ಮದ್ದನ್ನೂ ಹೇಳಿದರು. ಒಬ್ಬರು ಎಣ್ಣೆ ಹೇಳಿದರು, ಇನ್ನೊಬ್ಬರು ಕೇರಳದ ಒಬ್ಬ ವೈದ್ಯರ ಹೆಸರು ಹೇಳಿದರು, ಮತ್ತೊಬ್ಬರು ಹಿಜಾಮ ಮಾಡಿಸಿ ಎಂದರು. ದಮ್ಮಾಮಿನಲ್ಲಿರುವ ನನ್ನ ತಮ್ಮ ಒಂದು ವೀಡಿಯೊ ಕಳುಹಿಸಿದ. ಮಲಗಿದ್ದ ಒಬ್ಬರ ಕಾಲಿಗೆ ಸಣ್ಣ ಸಣ್ಣ ಸೂಜಿ ಚುಚ್ಚುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಅವರು ಎದ್ದು ನಡೆಯುತ್ತಾರೆ. "ಇದನ್ನು ಮಾಡಿಸಿ, ದುಡ್ಡು ನಾನು ಕಳಿಸ್ತೇನೆ" ಅಂದ.

ಆಗ ಮನೆಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯ ಹುಡುಗ ಬರುತ್ತಿದ್ದ. ಐದು ವಾರ ಕಳೆದರೂ ಉಪ್ಪ ಕಿಟಕಿಯ ಸರಳು ಹಿಡಿದು ನಿಲ್ಲುವ ಮಟ್ಟಕ್ಕೆ ಮಾತ್ರ ಬಂದಿದ್ದರು. ನಮಗೆ ತಾಳ್ಮೆ ತಪ್ಪಿತು. ಎರಡಕ್ಕೂ ದುಡ್ಡು ಹೊಂದಿಸುವುದು ಕಷ್ಟ ಎಂದು ಫಿಸಿಯೋಥೆರಪಿ ನಿಲ್ಲಿಸಿ ಆಕ್ಯುಪಂಕ್ಚರ್‌ಗೆ ಕರೆದುಕೊಂಡು ಹೋದೆವು. ನಾವು ಮಾಡಿದ ತಪ್ಪು ಇದೇ. ಇನ್ನೊಂದು ಮನೆಯವರು ಇದೇ ತಪ್ಪು ಮಾಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೂರು ವಾರದ ಸೂಜಿ

ಸೂಜಿ ಹಾಕಿಸಿದ ದಿನ ಉಪ್ಪನಿಗೆ ಹಿತವೆನಿಸುತ್ತಿತ್ತು. "ಕಾಲು ಬಿಸಿಯಾದ ಹಾಗೆ ಆಗ್ತದೆ, ಹಗುರ ಉಂಟು" ಎನ್ನುತ್ತಿದ್ದರು. ಮೊಣಕಾಲಿನ ಕೆಳಗೆ ಹಾಕಿದ ಸೂಜಿಗೆ ಸಣ್ಣ ಕರೆಂಟ್ ಕೊಟ್ಟಾಗ ಪಾದ ತಾನಾಗಿಯೇ ಮೇಲೆ ಮೇಲೆ ಜಿಗಿಯುತ್ತಿತ್ತು. ಅದನ್ನು ನೋಡಿ ಉಮ್ಮ ಕಣ್ಣೊರೆಸಿಕೊಂಡರು.

ಆದರೆ ಮನೆಗೆ ಬಂದರೆ ಮತ್ತೆ ಮಂಚ. "ಚಿಕಿತ್ಸೆ ನಡೀತಾ ಉಂಟಲ್ಲ, ಸುಮ್ಮನೆ ಆಯಾಸ ಮಾಡುವುದು ಬೇಡ" ಎಂದು ನಾವೇ ಅವರನ್ನು ಮಲಗಿಸಿದೆವು. ಮೂರು ವಾರ ಹೀಗೇ ಹೋಯಿತು. ಮೊದಲು ಕಿಟಕಿ ಹಿಡಿದು ಐದು ನಿಮಿಷ ನಿಲ್ಲುತ್ತಿದ್ದವರಿಗೆ ಈಗ ಎರಡು ನಿಮಿಷವೂ ಆಗುತ್ತಿರಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ಪಾದ ಕೆಳಮುಖವಾಗಿ ಬಿಗಿದುಕೊಂಡಿತ್ತು.

ಇದನ್ನು ಮೊದಲು ಗಮನಿಸಿದವರು ಸೂಜಿ ಹಾಕುತ್ತಿದ್ದ ವೈದ್ಯರೇ.

"ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ನಿಲ್ಲಿಸ್ತೀರಿ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ನಿಮ್ಮ ಚಿಕಿತ್ಸೆ ಮುಗಿದ ಮೇಲೆ ಅಂತ..."

"ಹಾಗಾದ್ರೆ ನನ್ನ ಹತ್ರ ಬಂದದ್ದೂ ದಂಡ. ನಾಳೆಯೇ ಆ ಫಿಸಿಯೋ ಹುಡುಗನನ್ನು ಕರೆಸಿ. ಅವನು ಬರ್ತಾ ಇದ್ರೆ ಮಾತ್ರ ನಾನು ಸೂಜಿ ಹಾಕ್ತೇನೆ."

ಅವರು ಬೇಕಿದ್ದರೆ ಏನೂ ಹೇಳದೆ ಇನ್ನೂ ಹತ್ತು ಸಲ ನಮ್ಮಿಂದ ಫೀಸು ತೆಗೆದುಕೊಳ್ಳಬಹುದಿತ್ತು. ಅವರ ಆ ಮಾತು ನಮ್ಮನ್ನು ದಾರಿಗೆ ತಂದಿತು.

ಕೆಟ್ಟದ್ದು ಕಾಲಲ್ಲ

ಲಕ್ವ ಹೊಡೆದಾಗ ನಾವೆಲ್ಲ ನೋಡುವುದು ಕಾಲನ್ನು. ಎಣ್ಣೆ ತಿಕ್ಕುವುದೂ ಕಾಲಿಗೆ, ಬಿಸಿ ಕೊಡುವುದೂ ಕಾಲಿಗೆ. ನಿಜವಾಗಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಮೆದುಳಿನ ರಕ್ತನಾಳ ಮುಚ್ಚಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ. ಬಲಬದಿಯ ಮೆದುಳಿಗೆ ಪೆಟ್ಟಾದರೆ ಎಡಗೈ, ಎಡಗಾಲು ಸೋಲುತ್ತವೆ. ಕಾಲಿನ ಎಲುಬು, ಸ್ನಾಯು, ನರ ಎಲ್ಲ ಮೊದಲಿನ ಹಾಗೆಯೇ ಇರುತ್ತವೆ. ಅವಕ್ಕೆ ಅಪ್ಪಣೆ ಕೊಡುವ ಜಾಗ ಮಾತ್ರ ಹಾಳಾಗಿರುತ್ತದೆ.

ಸತ್ತ ಮೆದುಳಿನ ಜೀವಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಪಕ್ಕದಲ್ಲಿ ಉಳಿದಿರುವ ಭಾಗಗಳು ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯಬಲ್ಲವು. ಹೇಗೆ ಕಲಿಯುತ್ತವೆ? ಮದ್ರಸಾದಲ್ಲಿ ಮಕ್ಕಳು ಓದು ಕಲಿಯುವ ಹಾಗೆ, ಅದನ್ನೇ ಮತ್ತೆ ಮತ್ತೆ ಮಾಡಿ. ನಿಲ್ಲುವುದನ್ನು ಕಲಿಯಬೇಕಾದರೆ ನಿಲ್ಲಬೇಕು, ನಡೆಯುವುದನ್ನು ಕಲಿಯಬೇಕಾದರೆ ನಡೆಯಬೇಕು. ಮೊದಲ ಮೂರರಿಂದ ಆರು ತಿಂಗಳಲ್ಲಿ ಈ ಕಲಿಕೆ ಹೆಚ್ಚು ವೇಗವಾಗಿರುತ್ತದೆ. ಆಮೇಲೆ ನಿಧಾನವಾಗುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ.

ಕಾಲನ್ನು ಸುಮ್ಮನೆ ಬಿಟ್ಟರೆ ಎರಡು ಕಡೆಯಿಂದ ನಷ್ಟ. ಮೆದುಳು ಆ ಕಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ, ಸ್ನಾಯುಗಳು ಸೊರಗಿ ಗಂಟುಗಳು ಬಿಗಿಯುತ್ತವೆ. ನಾವು ಕಳೆದುಕೊಂಡದ್ದು ಮೂರೇ ವಾರ ಎನಿಸಬಹುದು. ಆದರೆ ಅದು ಕಲಿಕೆಯ ಹಂಗಾಮಿನ ಮೂರು ವಾರ.

ಸೂಜಿ ಎಲ್ಲಿಂದ ಬಂತು, ಏನು ಮಾಡುತ್ತದೆ?

ಆಕ್ಯುಪಂಕ್ಚರ್ ಚೀನಾದ ಹಳೆಯ ಚಿಕಿತ್ಸೆ. 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡ ಚೀನಾದ ಗಾಯಾಳುಗಳ ಸೇವೆಗೆ ಹೋಗಿತ್ತು. ಅದರಲ್ಲಿದ್ದ ಸೊಲ್ಲಾಪುರದ ಡಾ. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಕೋಲ್ಕತಾಕ್ಕೆ ತಂದರು. ಈಗ ನಮ್ಮ ಜಿಲ್ಲೆಗಳಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಪಡೆದ ವೈದ್ಯರಲ್ಲಿ ಕೆಲವರು ಇದನ್ನು ಮಾಡುತ್ತಾರೆ. ಉಜಿರೆಯಲ್ಲಿ ಇರುವಂಥ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜುಗಳ ಪದವಿಯಲ್ಲಿ ಆಕ್ಯುಪಂಕ್ಚರ್ ಕೂಡ ಒಂದು ಪಾಠ.

ಕಾಲಿನ ಸೋಲಿಗೆ ಹೆಚ್ಚಾಗಿ ಬಳಸುವ ಒಂದು ಬಿಂದುವಿನ ಹೆಸರು ಜೂಸಾನ್‌ಲಿ. ಮೊಣಕಾಲು ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಎಲುಬಿನ ಹೊರಬದಿಯಲ್ಲಿದೆ. ಅಲ್ಲಿರುವುದು ಪಾದವನ್ನು ಮೇಲೆತ್ತುವ ಸ್ನಾಯು. ಲಕ್ವ ಹೊಡೆದವರು ನಡೆಯುವಾಗ ಬೆರಳು ನೆಲಕ್ಕೆ ಉಜ್ಜುವುದು ಈ ಸ್ನಾಯು ಸೋತದ್ದರಿಂದ. ಇನ್ನೊಂದು ಬಿಂದು ಮೊಣಕಾಲಿನ ಹೊರಬದಿಯ ಸಣ್ಣ ಎಲುಬಿನ ಗುಬ್ಬಿಯ ಕೆಳಗೆ. ಈ ಸ್ನಾಯುವಿಗೆ ಹೋಗುವ ನರ ಆ ಕಡೆಯಿಂದಲೇ ಹಾದುಹೋಗುತ್ತದೆ.

ಉಪ್ಪನ ಪಾದ ಜಿಗಿದದ್ದಕ್ಕೆ ಇದೇ ಕಾರಣ. ಸೂಜಿಗೆ ಕರೆಂಟ್ ಕೊಟ್ಟಾಗ ಆ ನರ, ಆ ಸ್ನಾಯು ನೇರವಾಗಿ ಕುಣಿಯುತ್ತವೆ. ಫಿಸಿಯೋಥೆರಪಿಯಲ್ಲೂ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಇದೇ ನರಕ್ಕೆ ಕರೆಂಟ್ ಕೊಟ್ಟು ಪಾದ ಎತ್ತಿಸುವ ಪದ್ಧತಿ ಇದೆ. ಆದರೆ ಪಾದ ಜಿಗಿದ ಮಾತ್ರಕ್ಕೆ ಮೆದುಳಿನಿಂದ ಅಪ್ಪಣೆ ಬಂತು ಎಂದರ್ಥವಲ್ಲ. ಕರೆಂಟ್ ನಿಂತರೆ ಪಾದವೂ ನಿಲ್ಲುತ್ತದೆ. ಜಿಗಿಯುವ ಹೊತ್ತಿಗೆ ರೋಗಿ ತಾನೂ "ಎತ್ತು" ಎಂದು ಮನಸ್ಸಿಟ್ಟು ಯತ್ನಿಸಬೇಕು, ಎದ್ದ ಮೇಲೆ ಅದೇ ಪಾದದಲ್ಲಿ ಹೆಜ್ಜೆ ಇಟ್ಟು ಅಭ್ಯಾಸ ಮಾಡಬೇಕು. ಸೂಜಿ ಮತ್ತು ವ್ಯಾಯಾಮ ಒಟ್ಟಿಗೆ ಎನ್ನುವುದರ ಅರ್ಥ ಇಷ್ಟೇ.

ಪರೀಕ್ಷೆ ಮಾಡಿದವರು ಏನು ಕಂಡರು?

ಇಲ್ಲಿ ಸ್ವೀಡನ್ ದೇಶದ ಒಂದು ಕಥೆ ಹೇಳಬೇಕು. ಅಲ್ಲಿನ ಲುಂಡ್ ನಗರದಲ್ಲಿ ಒಂದು ಬದಿ ಬಲವಾಗಿ ಸೋತಿದ್ದ 78 ಮಂದಿಯನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ದಿನನಿತ್ಯದ ಫಿಸಿಯೋಥೆರಪಿ ಇತ್ತು. ಒಂದು ಗುಂಪಿಗೆ ಅದರ ಜೊತೆಗೆ ವಾರಕ್ಕೆ ಎರಡು ಸಲ, ಹತ್ತು ವಾರ ಆಕ್ಯುಪಂಕ್ಚರ್ ಕೊಟ್ಟರು. 1993ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೂಜಿ ಪಡೆದವರು ನಡಿಗೆಯಲ್ಲಿ, ಸಮತೋಲನದಲ್ಲಿ, ದಿನದ ಕೆಲಸಗಳಲ್ಲಿ ಮುಂದಿದ್ದರು. ಎಲ್ಲರಿಗೂ ಸಂತೋಷ.

ಆದರೆ ಒಂದು ಸಂಶಯ ಉಳಿಯಿತು. ಸೂಜಿಯ ಗುಂಪಿನವರಿಗೆ ಸೂಜಿಯ ಜೊತೆಗೆ ಹೆಚ್ಚಿನ ಗಮನ, ಆರೈಕೆ, ಭರವಸೆಯೂ ಸಿಕ್ಕಿತ್ತಲ್ಲ? ಗುಣ ಕೊಟ್ಟದ್ದು ಯಾವುದು? ಅದಕ್ಕಾಗಿ ಸ್ವೀಡನ್ನಿನಲ್ಲೇ ಹಲವು ಆಸ್ಪತ್ರೆಗಳು ಸೇರಿ 150 ಮಂದಿಯ ಮೇಲೆ ಇನ್ನೊಂದು ಪರೀಕ್ಷೆ ಮಾಡಿದವು. ಮೊದಲ ಪರೀಕ್ಷೆಯ ತಂಡದಲ್ಲಿದ್ದವರೂ ಇದರಲ್ಲಿದ್ದರು. ಈ ಸಲ ಮೂರು ಗುಂಪು: ಒಂದಕ್ಕೆ ಕರೆಂಟ್ ಸಹಿತ ಆಕ್ಯುಪಂಕ್ಚರ್, ಇನ್ನೊಂದಕ್ಕೆ ಚರ್ಮದ ಮೇಲಿನ ಪ್ಯಾಡ್‌ನಿಂದ ಸ್ನಾಯು ಕುಣಿಯುವಷ್ಟು ಕರೆಂಟ್, ಮೂರನೆಯದಕ್ಕೆ ಗೊತ್ತೇ ಆಗದಷ್ಟು ಕಡಿಮೆ ಕರೆಂಟ್. ಮೂರೂ ಗುಂಪಿಗೆ ಸಮಾನ ಗಮನ, ಸಮಾನ ಆರೈಕೆ. 2001ರಲ್ಲಿ ಬಂದ ಫಲಿತಾಂಶ: ಮೂರು ತಿಂಗಳಿಗೂ ವರ್ಷಕ್ಕೂ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೊದಲು "ಗುಣ ಉಂಟು" ಎಂದವರೇ ಮತ್ತೆ ಸರಿಯಾಗಿ ಅಳೆದು "ಕಾಣಲಿಲ್ಲ" ಎಂದು ಬಹಿರಂಗವಾಗಿ ಹೇಳಿದರು. ಇದು ಪ್ರಾಮಾಣಿಕತೆ.

ಚೀನಾದಲ್ಲಿ ಸ್ಟ್ರೋಕ್ ಆದವರಿಗೆ ಆಸ್ಪತ್ರೆಯಲ್ಲೇ ವ್ಯಾಯಾಮದ ಜೊತೆ ಸೂಜಿ ಹಾಕುವುದು ಸಾಮಾನ್ಯ. ಅಲ್ಲಿಂದ ಬರುವ ವರದಿಗಳು ಹೆಚ್ಚಾಗಿ "ಎರಡೂ ಸೇರಿದರೆ ಒಳ್ಳೆಯದು" ಎನ್ನುತ್ತವೆ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವ ಕೋಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2016ರಲ್ಲಿ ಇಂಥ 31 ಪರೀಕ್ಷೆಗಳನ್ನು, ಒಟ್ಟು 2,257 ರೋಗಿಗಳ ಫಲಿತಾಂಶವನ್ನು ನೋಡಿತು. ಆಕ್ಯುಪಂಕ್ಚರ್‌ನಿಂದ ಪ್ರಯೋಜನ ಇರಬಹುದು ಎಂಬ ಸೂಚನೆ ಸಿಕ್ಕಿತು. ಆದರೆ ಹೆಚ್ಚಿನ ಪರೀಕ್ಷೆಗಳು ಸಣ್ಣವು, ಸರಿಯಾಗಿ ಮಾಡಿದವಲ್ಲ, ಹಾಗಾಗಿ ಖಚಿತವಾಗಿ ಹೇಳಲು ಆಧಾರ ಸಾಲದು ಎಂದೂ ಅದು ಹೇಳಿತು.

ಇವೆಲ್ಲದರಲ್ಲಿ ನಮ್ಮ ಮನೆಯವರಿಗೆ ಮುಖ್ಯವಾದದ್ದು ಒಂದೇ. ಸ್ವೀಡನ್ನಿನಲ್ಲಿ ಸೂಜಿ ಪಡೆದ ಒಬ್ಬ ರೋಗಿಗೂ ವ್ಯಾಯಾಮ ನಿಲ್ಲಿಸಿರಲಿಲ್ಲ. ಸೂಜಿಯನ್ನು ಹೊಗಳುವ ವರದಿಯೂ "ವ್ಯಾಯಾಮದ ಜೊತೆಗೆ" ಎಂದೇ ಹೇಳುತ್ತದೆ. "ಬದಲಿಗೆ" ಎನ್ನುವುದು ವಾಟ್ಸಾಪ್ ವೀಡಿಯೊ ನೋಡಿ ನಾವು ಸೇರಿಸಿಕೊಂಡದ್ದು.

ವ್ಯಾಯಾಮಕ್ಕೆ ದೊಡ್ಡ ಯಂತ್ರ ಬೇಕೇ?

"ಬೆಂಗಳೂರಿಗೆ ಹೋಗಿ ಮಿಷನ್‌ನಲ್ಲಿ ನಡೆಸಿದರೆ ಬೇಗ ಆಗ್ತದಂತೆ" ಎಂದವರೂ ಇದ್ದರು. ಅಮೆರಿಕದಲ್ಲಿ ಸ್ಟ್ರೋಕ್ ಆದ 408 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಕೆಲವರನ್ನು ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕೆಲವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ಒಂದೊಂದು ಸಲ ಒಂದೂವರೆ ಗಂಟೆ, ವಾರಕ್ಕೆ ಮೂರು ಸಲ, ಒಟ್ಟು 36 ಸಲ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷ ತುಂಬುವಾಗ ಎರಡೂ ಗುಂಪು ಸರಿಸಮ. ಎಲ್ಲರನ್ನೂ ಸೇರಿಸಿ ನೋಡಿದರೆ ಶೇ. 52 ಮಂದಿಯ ನಡಿಗೆ ಒಂದು ಮೆಟ್ಟಿಲು ಮೇಲೇರಿತ್ತು. ಆರು ತಿಂಗಳ ನಂತರ ಟ್ರೆಡ್‌ಮಿಲ್ ಆರಂಭಿಸಿದವರೂ ವರ್ಷದ ಕೊನೆಗೆ ಹಿಂದೆ ಬಿದ್ದಿರಲಿಲ್ಲ. ಹಾಗಾಗಿ ಯಂತ್ರವಿಲ್ಲ ಎಂದು ಕೊರಗಬೇಡಿ, ತಡವಾಯಿತು ಎಂದು ಕೈಚೆಲ್ಲಲೂ ಬೇಡಿ.

ಹಾಗಾದರೆ ಎಲ್ಲವನ್ನೂ ಮನೆಯವರೇ ಮಾಡಿಸಿದರೆ ಸಾಲದೇ? ಇದನ್ನೂ ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಯ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶ ನಿರಾಶೆಯದ್ದು. ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಉಳಿದವರು ಎರಡೂ ಗುಂಪಿನಲ್ಲಿ ಶೇ. 47. ಮನೆಯವರ ಪ್ರೀತಿಗೆ ಬೆಲೆ ಇಲ್ಲವೆಂದು ಇದರ ಅರ್ಥವಲ್ಲ. ಒಮ್ಮೆ ತೋರಿಸಿ ಮನೆಗೆ ಕಳಿಸಿದರೆ ಸಾಲದು, ಯಾವಾಗ ಕಷ್ಟದ ವ್ಯಾಯಾಮಕ್ಕೆ ಹೋಗಬೇಕು, ಎಲ್ಲಿ ತಪ್ಪುತ್ತಿದೆ ಎಂದು ನೋಡುವ ಪಳಗಿದ ಕಣ್ಣು ನಡುನಡುವೆ ಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ವಾರಕ್ಕೆ ಮೂರು ಸಲ ಕರೆಸಲು ಆಗದಿದ್ದರೆ ವಾರಕ್ಕೊಮ್ಮೆಯಾದರೂ ಕರೆಸಿ, ಅವರು ಹೇಳಿದ್ದನ್ನು ಉಳಿದ ಆರು ದಿನ ಮಾಡಿಸಿ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ವೈದ್ಯಕೀಯ ಕಾಲೇಜುಗಳ ಜೊತೆ ಫಿಸಿಯೋಥೆರಪಿ ವಿಭಾಗಗಳಿವೆ. ಅಲ್ಲಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ. ಬೇಗ ಎಂದರೆ ಮೊದಲ ದಿನವೇ ಎಳೆದಾಡುವುದಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ಟ್ರೋಕ್ ಆದ 24 ಗಂಟೆಯೊಳಗೆ ತುಂಬ ಹೊತ್ತು ಎಬ್ಬಿಸಿ ನಡೆಸಿದವರ ಸ್ಥಿತಿ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಇತ್ತು. ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ, ವೈದ್ಯರು ಹೇಳಿದಷ್ಟೇ.

ಐದು ವಕ್ತ್‌ಗೆ ಐದು ಸಲ

ಫಿಸಿಯೋ ಹುಡುಗ ಮತ್ತೆ ಬಂದ. ಬಯ್ಯಲಿಲ್ಲ. "ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಮಾಡ್ಬೇಕು, ಒಂದೇ ಸಲ ಜಾಸ್ತಿ ಬೇಡ" ಎಂದ. ಗಡಿಯಾರ ನೋಡಿ ಮಾಡಿಸುವುದು ನಮ್ಮಿಂದ ಆಗಲಿಲ್ಲ. ಉಮ್ಮನೇ ದಾರಿ ಕಂಡುಹಿಡಿದರು. "ಬಾಂಗ್ ಕೇಳಿದ ಕೂಡಲೇ ಮಾಡಿಸುವ" ಎಂದರು. ಸುಬ್ಹಿ, ಲುಹರ್, ಅಸರ್, ಮಗ್ರಿಬ್, ಇಶಾ. ದಿನಕ್ಕೆ ಐದು ಸಲ ತಪ್ಪದೆ ನೆನಪಾಗುವ ಹೊತ್ತು ಮುಸ್ಲಿಮರ ಮನೆಯಲ್ಲಿ ಬೇರೆ ಯಾವುದಿದೆ?

ಅವರು ಮಾಡಿಸುತ್ತಿದ್ದದ್ದು ಇಷ್ಟು. ಮಲಗಿದಲ್ಲೇ ಎರಡೂ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು, ಹತ್ತು ಸಲ. ಟವೆಲ್ಲನ್ನು ಪಾದಕ್ಕೆ ಸಿಕ್ಕಿಸಿ ಮೆಲ್ಲಗೆ ತನ್ನ ಕಡೆ ಎಳೆದು ಹಿಂಗಾಲಿನ ಬಿಗಿ ಬಿಡಿಸುವುದು. ಎತ್ತರದ ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿ, ಮುಂದಕ್ಕೆ ಬಾಗಿ ಏಳುವುದು, ಮತ್ತೆ ನಿಧಾನವಾಗಿ ಕೂರುವುದು. ಅಡುಗೆ ಕಟ್ಟೆ ಹಿಡಿದು ನಿಂತು ಭಾರವನ್ನು ಸೋತ ಕಾಲಿನ ಮೇಲೆ ಹಾಕುವುದು, ತೆಗೆಯುವುದು. ಆಮೇಲೆ ಚಾವಡಿಯಲ್ಲಿ ಹೆಜ್ಜೆ.

ಉರುಗೋಲು ಗಟ್ಟಿ ಇರುವ ಕೈಯಲ್ಲಿರಬೇಕು. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಪಾದ ಕೆಳಗೆ ಜಾರುತ್ತಿದ್ದರೆ ಅದನ್ನು ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅಳತೆ ಕೊಟ್ಟು ಮಾಡಿಸಬೇಕು. ಉಪ್ಪ ಅದನ್ನು ಹಾಕಿಕೊಂಡ ದಿನ ಮೊದಲ ಬಾರಿಗೆ ಬೆರಳು ಉಜ್ಜದೆ ನಾಲ್ಕು ಹೆಜ್ಜೆ ನಡೆದರು.

ನಾವು ಮಾಡುತ್ತಿದ್ದ ಇನ್ನೊಂದು ತಪ್ಪನ್ನೂ ಅವನು ತಿದ್ದಿದ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯುತ್ತಿದ್ದೆವು. ಹಾಗೆ ಮಾಡಿದರೆ ಭುಜದ ಗಂಟು ಜಾರುತ್ತದೆ, ಆಮೇಲೆ ನೋವು ಬಿಡುವುದಿಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿಯಬೇಕು.

ನಮಾಝಿನ ವಿಷಯದಲ್ಲೂ ಉಪ್ಪನಿಗೆ ಸಂಕೋಚ ಇತ್ತು. ನಿಂತು ಆಗದಿದ್ದರೆ ಕುಳಿತು, ಕುಳಿತು ಆಗದಿದ್ದರೆ ಮಲಗಿ ಮಾಡಬಹುದು ಎಂಬ ರಿಯಾಯಿತಿ ನಮ್ಮ ದೀನಿನಲ್ಲೇ ಇದೆ ಎಂದು ಉಸ್ತಾದರು ಮನೆಗೆ ಬಂದು ಹೇಳಿದ ಮೇಲೆ ಕುರ್ಚಿಯಲ್ಲೇ ಶುರು ಮಾಡಿದರು. ಎರಡು ತಿಂಗಳ ಮೇಲೆ, "ಕಿಯಾಮ್ ಒಂದು ನಿಂತು ನೋಡ್ತೇನೆ" ಎಂದರು. ಪಕ್ಕದಲ್ಲಿ ನಾನು, ಎದುರಿಗೆ ಕಿಟಕಿ. ಒಂದು ರಕಅತ್ ನಿಂತರು. ಯಾವ ಯಂತ್ರವೂ ಅವರಿಗೆ ಅಷ್ಟು ಹುರುಪು ಕೊಡುತ್ತಿರಲಿಲ್ಲ. ರೋಗಿಗೆ ಮನಸ್ಸಿನಲ್ಲಿ ಒಂದು ಗುರಿ ಬೇಕು. ಒಬ್ಬರಿಗೆ ಅದು ಮಸೀದಿಯಾಗಬಹುದು, ಇನ್ನೊಬ್ಬರಿಗೆ ಅಂಗಡಿ, ಮತ್ತೊಬ್ಬರಿಗೆ ಮಗಳ ಮನೆಯ ಮೆಟ್ಟಿಲು. ಅದನ್ನು ಕೇಳಿ ತಿಳಿದು ವ್ಯಾಯಾಮವನ್ನು ಅದಕ್ಕೆ ಹೊಂದಿಸಿ.

ಸೂಜಿ ಹಾಕಿಸುವುದಾದರೆ

ನಾವು ಸೂಜಿಯನ್ನೂ ಪೂರ್ತಿ ಬಿಡಲಿಲ್ಲ. ವ್ಯಾಯಾಮದ ಜೊತೆಗೆ ಇನ್ನೂ ಕೆಲವು ವಾರ ಹಾಕಿಸಿದೆವು. ಅದಾದ ಮೇಲೆ ಉಪ್ಪನಿಗೆ ಕಾಲು ಹಗುರ ಎನಿಸುತ್ತಿತ್ತು, ಆ ದಿನ ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಿದ್ದರು. ಅಷ್ಟು ನನ್ನ ಕಣ್ಣಿಗೆ ಕಂಡದ್ದು. ನೀವೂ ಹಾಕಿಸುವುದಾದರೆ ಇಷ್ಟನ್ನು ನೋಡಿಕೊಳ್ಳಿ.

ಸ್ಟ್ರೋಕ್ ಆದ ಮೊದಲ ಗಂಟೆಗಳಲ್ಲಿ ಸೂಜಿಯ ಮಾತೇ ಬೇಡ. ಆಗ ನೇರ ಆಸ್ಪತ್ರೆಗೆ ಹೋಗಬೇಕು.

ಪದವಿ ಇರುವವರ ಹತ್ತಿರವೇ ಹೋಗಿ. ಸೂಜಿ ಹೊಸ ಪ್ಯಾಕೆಟ್‌ನಿಂದ ನಿಮ್ಮೆದುರೇ ತೆಗೆಯಬೇಕು, ಬಳಸಿದ ಮೇಲೆ ಬಿಸಾಡಬೇಕು. ಇಲ್ಲದಿದ್ದರೆ ಹೆಪಟೈಟಿಸ್‌ನಂಥ ಸೋಂಕಿನ ಭಯ.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ ಕರೆಂಟ್ ಕೊಡುವ ಸೂಜಿ ಬೇಡ. ಹಿಜಾಮದ ಬಗ್ಗೆ ನಮ್ಮಲ್ಲಿ ಗೌರವ ಇದೆ, ಆದರೆ ಈ ಮಾತ್ರೆ ತೆಗೆದುಕೊಳ್ಳುವವರ ಚರ್ಮ ಗೀರಿದರೆ ರಕ್ತ ನಿಲ್ಲುವುದು ಕಷ್ಟ. ನರರೋಗ ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಸೋತ ಕಾಲಿಗೆ ಸ್ಪರ್ಶ ಗೊತ್ತಾಗದೆ ಇರಬಹುದು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಬಿಸಿ ಶಾಖ ಕೊಟ್ಟು ಸುಟ್ಟ ಗಾಯ ಮಾಡಿಸಿಕೊಂಡವರಿದ್ದಾರೆ. ಹಿಂಗಾಲು ಬಾತು, ಕೆಂಪಾಗಿ, ಬಿಸಿಯಾಗಿದ್ದರೆ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ತೋರಿಸಿ.

"ಬಿ.ಪಿ. ಮಾತ್ರೆ ನಿಲ್ಲಿಸಿ, ವ್ಯಾಯಾಮ ನಿಲ್ಲಿಸಿ, ಇಷ್ಟು ಸಲಕ್ಕೆ ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ಸಲಾಂ ಹೇಳಿ ಎದ್ದು ಬನ್ನಿ. ಬಿ.ಪಿ. ಮಾತ್ರೆ ಬಿಟ್ಟರೆ ಎರಡನೇ ಸ್ಟ್ರೋಕ್‌ಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ದುಡ್ಡು ಒಂದಕ್ಕೇ ಸಾಕಾಗುವುದಾದರೆ? ಮೊದಲು ಮಾತ್ರೆ, ಆಮೇಲೆ ವ್ಯಾಯಾಮ ಮಾಡಿಸುವವರು, ಆಮೇಲೆ ಪಾದದ ಪಟ್ಟಿ ಮತ್ತು ಕೋಲು. ಅದರ ಮೇಲೆ ಉಳಿದರೆ ಸೂಜಿ. ಗಲ್ಫ್‌ನಲ್ಲಿರುವ ಮಕ್ಕಳಿಗೂ ಒಂದು ಮಾತು. ಚಿಕಿತ್ಸೆಯ ವೀಡಿಯೊ ಕಳಿಸುವ ಬದಲು ದಿನಕ್ಕೊಮ್ಮೆ ವೀಡಿಯೊ ಕಾಲ್ ಮಾಡಿ, "ಉಪ್ಪ, ಇವತ್ತು ಎಷ್ಟು ಹೆಜ್ಜೆ?" ಎಂದು ಕೇಳಿ. ನನ್ನ ತಮ್ಮ ಆಮೇಲೆ ಅದನ್ನೇ ಮಾಡಿದ. ಅವನ ಕಾಲ್ ಬರುವ ಹೊತ್ತಿಗೆ ಉಪ್ಪ ತಾವಾಗಿಯೇ ಕೋಲು ಹುಡುಕುತ್ತಿದ್ದರು.

ಹೊತ್ತು ಮೀರುವ ಮುನ್ನ

ಇಷ್ಟೆಲ್ಲ ಕಷ್ಟ ಬರುವ ಮೊದಲೇ ತಪ್ಪಿಸುವುದು ಒಳ್ಳೆಯದು. ಸ್ಟ್ರೋಕ್‌ಗೆ ದೊಡ್ಡ ಕಾರಣ ರಕ್ತದೊತ್ತಡ. ಒಣಮೀನು, ಉಪ್ಪಿನಕಾಯಿ, ಬೀಡಿ, ಸಕ್ಕರೆ ಕಾಯಿಲೆ ಇವೆಲ್ಲ ನಮ್ಮ ಮನೆಗಳಿಗೆ ಹೊಸತಲ್ಲ. ನಲವತ್ತು ದಾಟಿದವರು ಬಿ.ಪಿ. ನೋಡಿಸಿಕೊಳ್ಳಿ.

ಮುಖ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತನಾಳ ಮುಚ್ಚಿದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಲಕ್ಷಣ ಶುರುವಾದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ.

ಉಪ್ಪ ಈಗ ಮೊದಲಿನ ಹಾಗೆ ಇಲ್ಲ. ಎಡಗಾಲು ಸ್ವಲ್ಪ ಸುತ್ತಿ ಬರುತ್ತದೆ, ಸುಸ್ತಾದರೆ ಬೆರಳು ನೆಲಕ್ಕೆ ತಾಗುತ್ತದೆ. ಸುಜೂದ್‌ಗೆ ನೆಲಕ್ಕೆ ಬಾಗಲು ಆಗುವುದಿಲ್ಲ. ಆದರೆ ಏಳನೇ ತಿಂಗಳಿನ ಒಂದು ಜುಮಾದ ದಿನ, ನಾಲ್ಕು ಕಾಲಿನ ಕೋಲು ಹಿಡಿದು, ನಡುವೆ ಎರಡು ಕಡೆ ಕೂತು, ಮನೆಯಿಂದ ಮಸೀದಿಗೆ ನಡೆದೇ ಹೋದರು. ರಿಕ್ಷಾ ತರುತ್ತೇನೆ ಎಂದರೆ ಒಪ್ಪಲಿಲ್ಲ. ಮಸೀದಿಯ ಕೊನೆಯ ಸಾಲಿನಲ್ಲಿ ಅವರಿಗಾಗಿ ಯಾರೋ ಕುರ್ಚಿ ಇಟ್ಟಿದ್ದರು.

ಮನೆಗೆ ಬಂದು ಕೂತ ಮೇಲೆ ಉಮ್ಮ ಕೇಳಿದರು, "ನೋವು ಉಂಟಾ?"

"ಉಂಟು" ಎಂದರು ಉಪ್ಪ. "ಅಸರ್‌ಗೂ ಹೋಗ್ತೇನೆ."